ಅಡಿಕೆಯ ಮೇಲೆ ಕ್ಯಾನ್ಸರ್ ಆರೋಪ: ತಟ್ಟೆಯೊಳಗಿನ ಬ್ಯಾಕ್ಟೀರಿಯಾ ಹೇಳಿದ್ದೇನು?

ಅಡಿಕೆಯಿಂದ ಕ್ಯಾನ್ಸರ್ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಪುತ್ತೂರು, ಸುಳ್ಯ, ಕಡಬದ ವಾಟ್ಸಾಪ್ ಗುಂಪುಗಳಲ್ಲಿ ಬೇರೆ ವಿಷಯವೇ ಇರುವುದಿಲ್ಲ. ‘ತಪ್ಪು ಗುಟ್ಕಾದ್ದು, ಅಡಿಕೆಯದ್ದಲ್ಲ’ ಎನ್ನುವವರು ಒಂದು ಕಡೆ. ‘ನಮ್ಮ ಅಜ್ಜ ಸಾಯುವವರೆಗೂ ಎಲೆಅಡಿಕೆ ತಿಂದರು, ಏನಾಗಿದೆ ಮಾರಾಯ್ರೆ?’ ಎನ್ನುವವರು ಇನ್ನೊಂದು ಕಡೆ. ‘ಲ್ಯಾಬಿನಲ್ಲಿ ಟೆಸ್ಟ್ ಮಾಡಿದ್ದೇ ಸರಿಯಿಲ್ಲ’ ಎನ್ನುವ ಮೂರನೆಯ ಗುಂಪೂ ಉಂಟು. ಮೊದಲ ಎರಡು ಮಾತಿನ ಮೇಲೆ ಬೇಕಾದಷ್ಟು ಜಗಳವಾಗಿದೆ. ಮೂರನೆಯದನ್ನು ಮಾತ್ರ ಯಾರೂ ಬಿಡಿಸಿ ನೋಡಿದ ಹಾಗಿಲ್ಲ. ಯಾವ ಟೆಸ್ಟ್? ಅದು ಹೇಗೆ ನಡೆಯುತ್ತದೆ? ಎಲ್ಲಿ ತಪ್ಪಬಹುದು? ಈ ಸಲ ನಾವು ಅದರ ಬೆನ್ನು ಹತ್ತಿದ್ದೇವೆ.

ಕಥೆ ಶುರುವಾಗುವುದು 1973ರಲ್ಲಿ. ನಮ್ಮ ಕಡೆಯವರಿಗೆ ಆ ವರ್ಷ ಗೊತ್ತಿರುವುದು ಕ್ಯಾಂಪ್ಕೋದಿಂದ. ಧಾರಣೆ ನೆಲ ಕಚ್ಚಿ ಕರ್ನಾಟಕ, ಕೇರಳದ ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಜುಲೈ 11ರಂದು ಮಂಗಳೂರಿನಲ್ಲಿ ಆ ಸಂಸ್ಥೆ ಹುಟ್ಟಿತು. ಮರು ತಿಂಗಳು ಅಮೆರಿಕದಲ್ಲಿ ಒಂದು ವಿಜ್ಞಾನ ಪ್ರಬಂಧ ಪ್ರಕಟವಾಯಿತು. ಬರೆದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೂಸ್ ಏಮ್ಸ್. (ದೆಹಲಿಯ ಏಮ್ಸ್ ಆಸ್ಪತ್ರೆಗೂ ಇವರಿಗೂ ಸಂಬಂಧವಿಲ್ಲ, ಉಚ್ಚಾರ ಮಾತ್ರ ಒಂದೇ.) ಕ್ಯಾನ್ಸರ್ ತರುವ ವಸ್ತುಗಳು ಜೀವಕೋಶದ ಡಿಎನ್‌ಎಯನ್ನೂ ಕೆಡಿಸುತ್ತವೆ, ಅದನ್ನು ಬ್ಯಾಕ್ಟೀರಿಯಾ ಇಟ್ಟುಕೊಂಡು ಎರಡೇ ದಿನದಲ್ಲಿ ಪತ್ತೆ ಮಾಡಬಹುದು ಎಂಬುದು ಅವರ ವಾದ. ಕ್ಯಾಂಪ್ಕೋ ಕಟ್ಟಿದವರಿಗೆ ಆ ಪ್ರಬಂಧದ ಸುಳಿವಿರುವ ಸಂಭವವೇ ಇಲ್ಲ. ಆದರೆ ಹತ್ತು ವರ್ಷದೊಳಗೆ ಅದೇ ಪರೀಕ್ಷೆಯ ತಟ್ಟೆಗೆ ಅಡಿಕೆಯೂ ಬಂದು ಬಿತ್ತು.

ಅದಕ್ಕೂ ಮೊದಲು ಒಂದು ರಾಸಾಯನಿಕ ಕ್ಯಾನ್ಸರ್ ತರುತ್ತದೋ ಎಂದು ನೋಡಬೇಕಾದರೆ ಇಲಿಗಳಿಗೆ ಎರಡು ವರ್ಷ ತಿನ್ನಿಸಿ ಕಾಯಬೇಕಿತ್ತು. ಖರ್ಚೂ ವಿಪರೀತ. ಏಮ್ಸ್ ಒಮ್ಮೆ ಆಲೂಗಡ್ಡೆ ಚಿಪ್ಸ್ ಪೊಟ್ಟಣದ ಮೇಲಿನ ಪಟ್ಟಿ ಓದುತ್ತಾ, ಇದರಲ್ಲಿರುವ ಇಷ್ಟು ವಸ್ತುಗಳಲ್ಲಿ ಯಾವುದು ಡಿಎನ್‌ಎ ಕೆಡಿಸಬಹುದು ಎಂದು ಯೋಚಿಸತೊಡಗಿದರಂತೆ. ಅವರ ಕೈಯಲ್ಲಿ ಆಗಲೇ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲವು ‘ಕುಂಟು’ ತಳಿಗಳಿದ್ದವು.

ಕುಂಟು ಎಂದದ್ದು ಯಾಕೆಂದರೆ ಮಾಮೂಲಿ ಸಾಲ್ಮೊನೆಲ್ಲಾ ತನಗೆ ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ತಳಿಗಳಲ್ಲಿ ಆ ಜೀನ್ ಕೆಟ್ಟಿದೆ. ಹೊರಗಿನಿಂದ ಹಿಸ್ಟಿಡಿನ್ ಸಿಕ್ಕರೆ ಬೆಳೆಯುತ್ತವೆ, ಇಲ್ಲದಿದ್ದರೆ ನಿಲ್ಲುತ್ತವೆ. ಇಂಥ ಸುಮಾರು 10 ಕೋಟಿ ಬ್ಯಾಕ್ಟೀರಿಯಾವನ್ನು ಒಂದು ಗಾಜಿನ ತಟ್ಟೆಯ ಮೇಲೆ ಹರಡುತ್ತಾರೆ. ತಟ್ಟೆಯಲ್ಲಿ ಅಗರ್ ಇರುತ್ತದೆ, ನಮ್ಮ ಅಡುಗೆಮನೆಯ ಚೈನಾಗ್ರಾಸ್ ಅದೇ. ಅದರ ಜೊತೆಗೆ ಪರೀಕ್ಷಿಸಬೇಕಾದ ವಸ್ತು. ಆ ವಸ್ತು ಡಿಎನ್‌ಎಯನ್ನು ಕೆಡಿಸುವಂಥದ್ದಾದರೆ, ಕೆಡಿಸುವ ಭರದಲ್ಲಿ ಎಲ್ಲೋ ಕೆಲವು ಬ್ಯಾಕ್ಟೀರಿಯಾದಲ್ಲಿ ಆ ಕೆಟ್ಟ ಜೀನ್ ಆಕಸ್ಮಿಕವಾಗಿ ಸರಿಯಾಗಿಬಿಡುತ್ತದೆ. ಹಾಗೆ ಸರಿಯಾದದ್ದು ಹಿಸ್ಟಿಡಿನ್ ಇಲ್ಲದೆಯೂ ಬೆಳೆದು ಎರಡು ದಿನದಲ್ಲಿ ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಆ ಚುಕ್ಕೆಗಳನ್ನು ಎಣಿಸಬೇಕು, ಪರೀಕ್ಷೆ ಅಂದರೆ ಅಷ್ಟೇ.

ಏನೂ ಹಾಕದ ತಟ್ಟೆಯಲ್ಲೂ ಚುಕ್ಕೆ ಬರುತ್ತದೆ, ತನ್ನಿಂದ ತಾನೇ ಆಗುವ ಬದಲಾವಣೆ ಅದು. ಟಿಎ100 ಎಂಬ ಹೆಸರಾಂತ ತಳಿಯಲ್ಲಿ ನೂರರಿಂದ ಇನ್ನೂರರವರೆಗೆ ಬರುವುದು ಸಾಮಾನ್ಯ. ವಸ್ತು ಹಾಕಿದ ತಟ್ಟೆಯಲ್ಲಿ ಅದರ ಎರಡು ಪಟ್ಟು ಬಂದು, ಪ್ರಮಾಣ ಹೆಚ್ಚಿಸಿದಂತೆ ಚುಕ್ಕೆಯೂ ಹೆಚ್ಚುತ್ತಾ ಹೋದರೆ ‘ಪಾಸಿಟಿವ್’. ಮನುಷ್ಯನ ದೇಹದಲ್ಲಿ ಹಲವು ವಸ್ತುಗಳು ಲಿವರ್‌ಗೆ ಹೋದ ಮೇಲೆ ವಿಷವಾಗುತ್ತವಲ್ಲ, ಅದಕ್ಕಾಗಿ ಇಲಿಯ ಲಿವರ್ ಅರೆದು ತೆಗೆದ ಸಾರವನ್ನೂ ತಟ್ಟೆಗೆ ಸೇರಿಸುತ್ತಾರೆ. ಏಮ್ಸ್ ಮಾಡಿದ ಜಾಣತನ ಇದು.

ಪರೀಕ್ಷೆ ಬಲುಬೇಗ ಹೆಸರು ಮಾಡಿತು. 1975ರಲ್ಲಿ ಅಮೆರಿಕದ ಅಂಗಡಿಯಲ್ಲಿ ಸಿಗುವ 169 ಬಗೆಯ ತಲೆಗೂದಲ ಡೈ ಪರೀಕ್ಷಿಸಿ ಅದರಲ್ಲಿ 150 ಪಾಸಿಟಿವ್ ಎಂದರು. 1977ರಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಬೆಂಕಿ ಹತ್ತದಿರಲೆಂದು ಹಾಕುತ್ತಿದ್ದ ಟ್ರಿಸ್ ಎಂಬ ರಾಸಾಯನಿಕ ಸಿಕ್ಕಿಬಿತ್ತು, ಅದೇ ವರ್ಷ ಅಂಥ ಉಡುಪುಗಳಿಗೆ ಅಲ್ಲಿ ನಿಷೇಧವೂ ಬಂತು. ಜಪಾನಿನ ತಕಾಶಿ ಸುಗಿಮುರಾ ಕೆಂಡದಲ್ಲಿ ಸುಟ್ಟ ಮೀನಿನ ಕರಕಲನ್ನು ತಟ್ಟೆಗೆ ಹಾಕಿದರು, ಅದೂ ಪಾಸಿಟಿವ್. ಬಂಗುಡೆ ಸುಟ್ಟು ತಿನ್ನುವ ಊರಿನವರಾದ ನಾವು ಇದನ್ನು ಓದಿ ಒಮ್ಮೆ ಮುಖ ಮುಖ ನೋಡಿಕೊಂಡೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಈ ಪರೀಕ್ಷೆಯಲ್ಲಿ ಎಣಿಸುವುದು ಡಿಎನ್‌ಎಯಲ್ಲಾದ ಕೇಡನ್ನಲ್ಲ, ಎಣಿಸುವುದು ಬೆಳವಣಿಗೆಯನ್ನು. ಬ್ಯಾಕ್ಟೀರಿಯಾ ಬೇರೆ ಯಾವ ಕಾರಣಕ್ಕೆ ಹೆಚ್ಚು ಬೆಳೆದರೂ, ಕಡಿಮೆ ಬೆಳೆದರೂ ಲೆಕ್ಕ ತಪ್ಪುತ್ತದೆ.

ಈ ಸಂಗತಿ ಏಮ್ಸ್‌ಗಿಂತ ಮೊದಲೇ ಗೊತ್ತಿತ್ತು. 1943ರಲ್ಲಿ ಸಾಲ್ವಡೊರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಒಂದು ಪ್ರಯೋಗ ಮಾಡಿದ್ದರು. ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ನಳಿಕೆಯಲ್ಲಿ ಬೆಳೆಸಿ ನೋಡಿದರೆ ಕೆಲವು ನಳಿಕೆಯಲ್ಲಿ ಬದಲಾದ ಬ್ಯಾಕ್ಟೀರಿಯಾ ಒಂದೂ ಇಲ್ಲ, ಕೆಲವದರಲ್ಲಿ ನೂರಾರು. ಬದಲಾವಣೆ ಬೆಳವಣಿಗೆಯ ಮೊದಲ ಹಂತದಲ್ಲೇ ಆದರೆ ಆ ಒಂದರ ಸಂತಾನ ಎರಡು, ನಾಲ್ಕು, ಎಂಟಾಗಿ ನಳಿಕೆ ತುಂಬುತ್ತದೆ. ಕೊನೆಗೆ ಆದರೆ ಒಂದೋ ಎರಡೋ. ಜುಗಾರಿ ಯಂತ್ರಕ್ಕೆ ನಾಣ್ಯ ಹಾಕುತ್ತಿದ್ದ ಸಹೋದ್ಯೋಗಿಯನ್ನು ನೋಡಿ ಲೂರಿಯಾಗೆ ಈ ಯೋಚನೆ ಹೊಳೆಯಿತಂತೆ. ಹೆಚ್ಚಿನ ಸಲ ಏನೂ ಇಲ್ಲ, ಒಮ್ಮೆ ಮಾತ್ರ ಸುರಿಮಳೆ. ಒಂದೇ ತಟ್ಟೆ ನೋಡಿ ತೀರ್ಮಾನಿಸಬಾರದು ಎಂಬ ನಿಯಮದ ಹಿಂದೆ ಈ ತಿಳಿವಳಿಕೆ ಇದೆ.

ಏಮ್ಸ್ ಪರೀಕ್ಷೆಯಲ್ಲಿ ಬೆಳವಣಿಗೆ ಕೈಕೊಡುವ ಜಾಗಗಳು ಹಲವು. ಮೊದಲನೆಯದು ಹಿಂದಿನ ರಾತ್ರಿ. ಬ್ಯಾಕ್ಟೀರಿಯಾವನ್ನು ರಾತ್ರಿಯಿಡೀ ಬೆಳೆಸಿ ಬೆಳಿಗ್ಗೆ ಬಳಸುತ್ತಾರೆ. ದೋಸೆ ಹಿಟ್ಟಿನ ಹಾಗೆಯೇ ಇಲ್ಲೂ ಹದ ಉಂಟು. ಬೇಗ ತೆಗೆದರೆ ಸಂಖ್ಯೆ ಸಾಲದು, ಹೆಚ್ಚು ಹೊತ್ತು ಬಿಟ್ಟರೆ ಅರ್ಧ ಸತ್ತಿರುತ್ತವೆ. ಒಂದು ಮಿಲಿಲೀಟರಿನಲ್ಲಿ ಸುಮಾರು 100 ಕೋಟಿ ಜೀವಂತ ಇರಬೇಕು.

ಎರಡನೆಯದು ಸ್ವಲ್ಪ ಸೂಕ್ಷ್ಮ. ಹಿಸ್ಟಿಡಿನ್ ಇಲ್ಲದ ತಟ್ಟೆ ಎಂದೆವಲ್ಲ, ನಿಜವಾಗಿ ಅದರಲ್ಲಿ ಚಿಟಿಕೆಯಷ್ಟು ಹಿಸ್ಟಿಡಿನ್ ಬೇಕೆಂದೇ ಹಾಕಿರುತ್ತಾರೆ. ಡಿಎನ್‌ಎಗೆ ಬಿದ್ದ ಪೆಟ್ಟು ಶಾಶ್ವತ ಬದಲಾವಣೆಯಾಗಬೇಕಾದರೆ ಆ ಜೀವಕೋಶ ಕೆಲವು ಸಲವಾದರೂ ಒಡೆದು ಎರಡಾಗಬೇಕು. ಆ ಚಿಟಿಕೆ ಮುಗಿಯುವವರೆಗೆ ಎಲ್ಲ ಬ್ಯಾಕ್ಟೀರಿಯಾವೂ ನಾಲ್ಕಾರು ಸಲ ಒಡೆದು ತಟ್ಟೆಯ ಮೇಲೆ ಮಂಜು ಕವಿದಂಥ ತೆಳು ಪದರವಾಗುತ್ತವೆ. ಅನುಭವಿಗಳು ಚುಕ್ಕೆ ಎಣಿಸುವ ಮೊದಲು ಈ ಮಂಜನ್ನು ನೋಡುತ್ತಾರೆ.

ಪರೀಕ್ಷಿಸುವ ವಸ್ತು ಬ್ಯಾಕ್ಟೀರಿಯಾವನ್ನೇ ಕೊಲ್ಲುವಂಥದ್ದಾದರೆ ಮಂಜು ತೆಳುವಾಗುತ್ತದೆ. ಚುಕ್ಕೆ ಕಡಿಮೆಯಾಗುತ್ತದೆ. ನೋಡಿದವರು ‘ಅಪಾಯವಿಲ್ಲ’ ಎಂದುಬಿಡಬಹುದು. ಬದಲಾಗಬೇಕಾದ ಬ್ಯಾಕ್ಟೀರಿಯಾವೇ ಸತ್ತಿರುವಾಗ ಚುಕ್ಕೆ ಎಲ್ಲಿಂದ ಬರಬೇಕು? ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಹೆಚ್ಚಿನವು ಸತ್ತು ಕೆಲವೇ ಉಳಿದರೆ, ಎಲ್ಲರಿಗೆಂದು ಬಡಿಸಿದ ಹಿಸ್ಟಿಡಿನ್ ಅಷ್ಟೂ ಆ ಕೆಲವರಿಗೆ ಸಿಗುತ್ತದೆ. ನೂರು ಜನರ ಊಟಕ್ಕೆ ಹತ್ತೇ ಜನ ಬಂದ ಹಾಗೆ. ಅವು ಕೊಬ್ಬಿ ಬೆಳೆದು ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಗಳಾಗುತ್ತವೆ. ಹೊಸಬರು ಅದನ್ನೂ ಎಣಿಸಿದರೆ ಸುಳ್ಳು ಪಾಸಿಟಿವ್! ಅನುಮಾನ ಬಂದಾಗ ಅಂಥ ಚುಕ್ಕೆಯನ್ನು ತೆಗೆದು ಹಿಸ್ಟಿಡಿನ್ ಚೂರೂ ಇಲ್ಲದ ತಟ್ಟೆಗೆ ತೀಡಿ ನೋಡಬೇಕು. ಜೀನ್ ನಿಜವಾಗಿ ಸರಿಯಾಗಿದ್ದರೆ ಅಲ್ಲೂ ಬೆಳೆಯುತ್ತದೆ. 1983ರಲ್ಲಿ ಡೊರೊಥಿ ಮೇರನ್ ಜೊತೆ ಸೇರಿ ಏಮ್ಸ್ ಈ ಪರೀಕ್ಷೆಯ ಪರಿಷ್ಕೃತ ವಿಧಾನವನ್ನು ಪ್ರಕಟಿಸಿದರು.

ಇನ್ನೊಂದು ತೊಂದರೆ ತಿನ್ನುವ ವಸ್ತುಗಳದ್ದೇ. ಪ್ಲಾಸ್ಟಿಕ್ಕಿಗೆ ಹಾಕುವ ರಾಸಾಯನಿಕದಲ್ಲಿ ಹಿಸ್ಟಿಡಿನ್ ಇರುವುದಿಲ್ಲ. ಆದರೆ ಮಾಂಸದ ಸಾರ, ಕಾಳಿನ ಸಾರ, ಮೂತ್ರ ಇವುಗಳಲ್ಲಿ ಅದು ಮೊದಲೇ ಇರುತ್ತದೆ. ಅದನ್ನು ತಟ್ಟೆಗೆ ಹಾಕಿದರೆ ಬ್ಯಾಕ್ಟೀರಿಯಾಗೆ ಹಬ್ಬ. ಮಂಜು ದಪ್ಪವಾಗುತ್ತದೆ, ಹೆಚ್ಚು ಸಲ ಒಡೆದದ್ದರಿಂದ ತನ್ನಿಂದ ತಾನೇ ಆಗುವ ಬದಲಾವಣೆಯೂ ಹೆಚ್ಚುತ್ತದೆ, ಚುಕ್ಕೆಯೂ ಹೆಚ್ಚುತ್ತದೆ. ವಸ್ತುವಿನಲ್ಲಿ ವಿಷವೇ ಇಲ್ಲದೆ ‘ಪಾಸಿಟಿವ್’. ಸಿಗರೇಟು ಸೇದುವವರ ಮೂತ್ರ ಪರೀಕ್ಷಿಸುವಾಗ ಏಮ್ಸ್ ತಂಡ ಇದಕ್ಕಾಗಿಯೇ ಮೂತ್ರವನ್ನು ಒಂದು ಬಗೆಯ ರಾಳದ ಕಣಗಳ ಮೂಲಕ ಹಾಯಿಸಿ, ಹಿಸ್ಟಿಡಿನ್ ಹೊರಗೆ ಬಿಟ್ಟು, ಬೇಕಾದ್ದನ್ನು ಮಾತ್ರ ಹಿಡಿದುಕೊಂಡಿತು. ಬ್ಯಾಕ್ಟೀರಿಯಾವನ್ನು ಸಾರದಲ್ಲಿ ಸ್ವಲ್ಪ ಹೊತ್ತು ನೆನೆಸಿ, ತೊಳೆದು, ಆಮೇಲೆ ತಟ್ಟೆಗೆ ಹಾಕುವ ಕ್ರಮವೂ ಉಂಟು.

ಇಷ್ಟು ಗೊತ್ತಾದ ಮೇಲೆ ಅಡಿಕೆಯನ್ನು ನೋಡೋಣ.

1980ರ ದಶಕದ ಮೊದಲ ಭಾಗದಲ್ಲಿ ಬೊಂಬಾಯಿಯ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಭಿಡೆ ಮತ್ತು ಸಹೋದ್ಯೋಗಿಗಳು ಎಲೆಅಡಿಕೆಯ ಒಂದೊಂದು ಸಾಮಗ್ರಿಯನ್ನೂ ಬೇರೆ ಬೇರೆಯಾಗಿ ಸಾಲ್ಮೊನೆಲ್ಲಾ ತಟ್ಟೆಗೆ ಹಾಕಿದರು. ಅಡಿಕೆಯ ಸಾರ, ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆಲವು ತಳಿಗಳಲ್ಲಿ ಪಾಸಿಟಿವ್ ಬಂದವು. ವೀಳ್ಯದೆಲೆ ಬರಲಿಲ್ಲ. ಅಷ್ಟೇ ಅಲ್ಲ, ಬೇರೆ ವಿಷವಸ್ತುಗಳ ಜೊತೆ ವೀಳ್ಯದೆಲೆಯ ಸಾರ ಸೇರಿಸಿದಾಗ ಚುಕ್ಕೆ ಕಡಿಮೆಯಾಯಿತು ಎಂಬುದೂ ಅದೇ ಸಂಸ್ಥೆಯಿಂದ ಬಂತು.

ಆಗ ಕೇಳಬೇಕಾದ ಪ್ರಶ್ನೆ ಎರಡು. ಅಡಿಕೆ ಒಂದು ಬೀಜ. ಅದರ ಇಡೀ ಸಾರವನ್ನು ತಟ್ಟೆಗೆ ಹಾಕಿದರೆ ಅಮೈನೋ ಆಮ್ಲಗಳೂ ಜೊತೆಗೆ ಹೋಗುತ್ತವೆ. ಹಾಗಾಗಿ ಅಡಿಕೆ ಸಾರದ ಫಲಿತಾಂಶ ಓದುವಾಗ ಹಿಸ್ಟಿಡಿನ್ ಲೆಕ್ಕ ತೆಗೆದಿದ್ದಾರೋ ಎಂದು ನೋಡಲೇಬೇಕು. ಅದೇ ಹೊತ್ತಿಗೆ ಅಡಿಕೆಯ ಒಗರು, ಅಂದರೆ ಟ್ಯಾನಿನ್, ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಎಳೆ ಅಡಿಕೆಯಲ್ಲಿ ಒಗರು ಜಾಸ್ತಿ, ಹಣ್ಣಡಿಕೆಯಲ್ಲಿ ಕಡಿಮೆ ಎಂದು ಬೆಳೆದವರಿಗೆ ಹೇಳಬೇಕಾಗಿಲ್ಲ. ಒಂದು ಗುಣ ಚುಕ್ಕೆಯನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ‘ಟೆಸ್ಟ್ ಸರಿಯಿಲ್ಲ’ ಎನ್ನುವವರು ಮೊದಲನೆಯದನ್ನು ಹಿಡಿದರೆ ಎರಡನೆಯದನ್ನೂ ಹಿಡಿಯಬೇಕು. ತಪ್ಪು ಅಡಿಕೆಯ ವಿರುದ್ಧವೇ ಆಗಬೇಕೆಂದಿಲ್ಲ, ಅಡಿಕೆಯ ಪರವಾಗಿಯೂ ಆಗಬಹುದು. ಜೊತೆಗೆ, ಶುದ್ಧ ಅರೆಕೋಲಿನ್ ಹಾಕಿದ ತಟ್ಟೆಗೆ ಹಿಸ್ಟಿಡಿನ್ ನೆಪ ಹೇಳಲು ಬರುವುದಿಲ್ಲ, ಅದರಲ್ಲಿ ಬೀಜದ ಸತ್ವವಿಲ್ಲ.

ವೀಳ್ಯದೆಲೆಯ ಒಳ್ಳೆಯ ಸುದ್ದಿಗೂ ಇದೇ ಅಳತೆಗೋಲು. ವೀಳ್ಯದೆಲೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬುದು ಹಳೆಯ ಸಂಗತಿ. ಎಲೆ ಹಾಕಿದಾಗ ಚುಕ್ಕೆ ಕಡಿಮೆಯಾದದ್ದು ಡಿಎನ್‌ಎಯನ್ನು ಕಾಪಾಡಿದ್ದರಿಂದಲೋ, ಬ್ಯಾಕ್ಟೀರಿಯಾ ಸತ್ತದ್ದರಿಂದಲೋ? ಉಳಿದ ಬ್ಯಾಕ್ಟೀರಿಯಾದ ಲೆಕ್ಕ ಕೊಡದೆ ಅಂಥ ಯಾವ ಫಲಿತಾಂಶವನ್ನೂ ಒಪ್ಪುವ ಹಾಗಿಲ್ಲ. ‘ಎಲೆ ಅಮೃತ’ ಎಂಬ ಫಾರ್ವರ್ಡ್ ಮೆಸೇಜುಗಳಲ್ಲಿ ಈ ಲೆಕ್ಕವನ್ನು ನಾವಂತೂ ಇದುವರೆಗೆ ಕಂಡಿಲ್ಲ.

ಇನ್ನೂ ಒಂದು, ಇದು ನಮ್ಮ ಅಂಗಳಕ್ಕೆ ಸೇರಿದ್ದು. ಪರೀಕ್ಷೆಗೆ ಹೋದದ್ದು ಯಾವ ಅಡಿಕೆ? ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಅಕಾಲದ ಮಳೆ ಬಿದ್ದರೆ ಬೂಷ್ಟು ಬರುತ್ತದೆ. ಸರಿಯಾಗಿ ಒಣಗದೆ ಗೋಣಿ ಸೇರಿದರೂ ಅಷ್ಟೇ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ, ಭಾರತದ ಮಾರುಕಟ್ಟೆಯ ಅಡಿಕೆಯಲ್ಲಿ ಅದು ಪತ್ತೆಯಾಗಿದೆ. ಲಿವರ್ ಸಾರ ಸೇರಿಸಿದ ಏಮ್ಸ್ ತಟ್ಟೆಯಲ್ಲಿ ಅತ್ಯಂತ ಜೋರಾಗಿ ಪಾಸಿಟಿವ್ ಬರುವ ವಸ್ತುಗಳಲ್ಲಿ ಅಫ್ಲಾಟಾಕ್ಸಿನ್ ಒಂದು. ಬೂಷ್ಟು ಹಿಡಿದ ಅಡಿಕೆಯ ಸಾರ ಪರೀಕ್ಷಿಸಿದರೆ ಯಾವುದನ್ನು ಪರೀಕ್ಷಿಸಿದ ಹಾಗಾಯಿತು? ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಇಷ್ಟು ಹತ್ತಿರದಲ್ಲಿರುವಾಗ ಮಾದರಿ ಎಲ್ಲಿಂದ ತಂದದ್ದು, ಹೇಗೆ ಒಣಗಿಸಿದ್ದು ಎಂದು ಕೇಳುವುದು ಬೆಳೆಗಾರನ ಹಕ್ಕು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೂ ವಾಟ್ಸಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಆದರೆ ಅಡಿಕೆಯ ಮೇಲಿನ ತೀರ್ಪು ತಟ್ಟೆಯಿಂದ ಬಂದದ್ದಲ್ಲ.

ತಿರುವಾಂಕೂರಿನಲ್ಲಿ ಕೆಲಸ ಮಾಡುತ್ತಿದ್ದ ಬೆಂಟಾಲ್ ಎಂಬ ವೈದ್ಯ ಎಲೆಅಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ ಬರೆದದ್ದು 1908ರಲ್ಲಿ. 1952ರಲ್ಲಿ ಶ್ವಾರ್ಟ್ಜ್ ಎಂಬುವರು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಬಾಯಿ ಬಿಗಿದು ತೆರೆಯಲಾಗದ ಕಾಯಿಲೆಯನ್ನು ದಾಖಲಿಸಿದರು. ಅದು ಅಡಿಕೆ ಜಗಿಯುವವರಲ್ಲೇ ಕಾಣುವ ಕಾಯಿಲೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಮೂರು ಬೆರಳು ಒಟ್ಟಿಗೆ ಜೋಡಿಸಿ ನೆಟ್ಟಗೆ ಬಾಯಿಯೊಳಗೆ ಹೋಗುತ್ತದೋ ಎಂದು ದಂತವೈದ್ಯರು ಈಗಲೂ ನೋಡುವುದು ಇದಕ್ಕೇ. 1980ರ ದಶಕದಲ್ಲಿ ಕೆನಡಾದ ಹನ್ಸ್ ಸ್ಟಿಚ್ ತಂಡ ಬ್ಯಾಕ್ಟೀರಿಯಾವನ್ನು ಬಿಟ್ಟು, ಜಗಿಯುವವರ ಕೆನ್ನೆಯ ಒಳಭಾಗದಿಂದಲೇ ಜೀವಕೋಶ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿತು. ಒಡೆದ ವರ್ಣತಂತುಗಳ ಚೂರು ಅಲ್ಲಿ ಕಂಡವು. ಹಿಸ್ಟಿಡಿನ್ ತಂಟೆ ಇಲ್ಲದ ಪರೀಕ್ಷೆ ಅದು.

ಫ್ರಾನ್ಸಿನ ಲಿಯೊನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಇದೆ. 1985ರಲ್ಲಿ ಅದು ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆ ಎಂದಿತು. ಹೊಗೆಸೊಪ್ಪು ಹಾಕದ್ದರ ಬಗ್ಗೆ ಸಾಕ್ಷ್ಯ ಸಾಲದು ಎಂದೂ ಹೇಳಿತು. ಬ್ಯಾಕ್ಟೀರಿಯಾ ತಟ್ಟೆ ಪಾಸಿಟಿವ್ ಬಂದಿದ್ದ ಕಾಲದಲ್ಲೇ ಬಂದ ಮಾತು ಇದು ಎಂಬುದನ್ನು ಗಮನಿಸಿ. 2003ರಲ್ಲಿ ಮತ್ತೆ ಕೂತು, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಒಂದನೆಯ ಗುಂಪಿಗೆ ಸೇರಿಸಿತು. ನಡುವೆ ಬದಲಾದದ್ದು ಮನುಷ್ಯರ ಲೆಕ್ಕ. ಮುಖ್ಯವಾಗಿ ತೈವಾನ್. ಅಲ್ಲಿಯವರು ಅಡಿಕೆಗೆ ಹೊಗೆಸೊಪ್ಪು ಸೇರಿಸುವುದಿಲ್ಲ. ಅಲ್ಲೂ ಬಾಯಿ ಕ್ಯಾನ್ಸರ್ ಏರಿತು. ‘ತಪ್ಪು ಹೊಗೆಸೊಪ್ಪಿನದು ಮಾತ್ರ’ ಎಂಬ ನಮ್ಮ ವಾದಕ್ಕೆ ಪೆಟ್ಟು ಬಿದ್ದದ್ದು ಅಲ್ಲಿ.

ಒಂದನೆಯ ಗುಂಪು ಅಂದರೆ ಸಾಕ್ಷ್ಯ ಗಟ್ಟಿ ಎಂದು ಅರ್ಥ, ಅಪಾಯ ಎಷ್ಟು ಎಂದಲ್ಲ. ಬಿಸಿಲು, ಮದ್ಯ ಅದೇ ಗುಂಪಿನಲ್ಲಿವೆ. ಹೀಗಾಗಿ ‘ಅಡಿಕೆಯೂ ಸಿಗರೇಟೂ ಒಂದೇ’ ಎಂಬ ತಲೆಬರಹ ತಪ್ಪು. ‘ಅಡಿಕೆಗೆ ಏನೂ ದೋಷವಿಲ್ಲ’ ಎಂಬ ಭಾಷಣವೂ ತಪ್ಪು. ಎರಡನ್ನೂ ನಾವು ವರದಿಗಾರರೇ ಹೆಚ್ಚಾಗಿ ಹರಡುವುದು.

ತಟ್ಟೆಯ ಮೇಲೆ ಪೂರ್ತಿ ಭಾರ ಹಾಕಬಾರದು ಎಂಬುದಕ್ಕೆ ನಮ್ಮ ಊರಿನದ್ದೇ ಇನ್ನೊಂದು ಉದಾಹರಣೆ ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಅದನ್ನು ಸಿಂಪಡಿಸಿದ ಕಥೆ ಕೊಕ್ಕಡ, ಪಟ್ರಮೆ, ನಿಡ್ಲೆಯಿಂದ ಹಿಡಿದು ಗಡಿಯಾಚೆ ಕಾಸರಗೋಡಿನವರೆಗೆ ಎಲ್ಲರಿಗೂ ಗೊತ್ತು. ಬ್ಯಾಕ್ಟೀರಿಯಾ ಪರೀಕ್ಷೆಗಳಲ್ಲಿ ಅದಕ್ಕೆ ಒಂದೇ ಉತ್ತರ ಬಂದಿಲ್ಲ. ಕೆಲವು ಪ್ರಯೋಗಾಲಯಗಳಲ್ಲಿ ನೆಗೆಟಿವ್. 2006ರಲ್ಲಿ ಲಕ್ನೋದ ಇಂಡಸ್ಟ್ರಿಯಲ್ ಟಾಕ್ಸಿಕಾಲಜಿ ರಿಸರ್ಚ್ ಸೆಂಟರಿನವರು ಮಾಡಿದಾಗ ಪಾಸಿಟಿವ್. ಕ್ಲೋರಿನ್ ಇರುವ ಹಳೆಯ ಕೀಟನಾಶಕಗಳಲ್ಲಿ ಹಲವು, ಡಿಡಿಟಿ ಸಹಿತ, ಈ ಪರೀಕ್ಷೆಯ ಕೈಗೆ ಸುಲಭವಾಗಿ ಸಿಗುವುದಿಲ್ಲ. ಆಸ್ಬೆಸ್ಟಾಸ್ ಕೂಡ ಹಾಗೆಯೇ. ನರಕ್ಕೆ, ಗರ್ಭದ ಶಿಶುವಿಗೆ ಆಗುವ ಹಾನಿಯನ್ನಂತೂ ಈ ತಟ್ಟೆ ನೋಡುವುದೇ ಇಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ ತಡೆದದ್ದು ಬ್ಯಾಕ್ಟೀರಿಯಾದ ಚುಕ್ಕೆ ನೋಡಿ ಅಲ್ಲ. ‘ಏಮ್ಸ್ ಟೆಸ್ಟ್ ನೆಗೆಟಿವ್’ ಎಂದು ಕೀಟನಾಶಕದವರು ಹೇಳಿದಾಗ ನಾವು ನಂಬಲಿಲ್ಲ. ಅಡಿಕೆಗೆ ಅದೇ ಪರೀಕ್ಷೆಯಲ್ಲಿ ನೆಗೆಟಿವ್ ಬಂದಿದ್ದರೆ ನಂಬುತ್ತಿದ್ದೆವೋ ಏನೋ.

ವಿಜ್ಞಾನಿಗಳಿಗೂ ಈ ಪಾಠ ಆಗಿದೆ. 1987ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು 73 ರಾಸಾಯನಿಕಗಳನ್ನು ಇಲಿಗಳ ಮೇಲೂ ತಟ್ಟೆಯ ಮೇಲೂ ನೋಡಿದಾಗ ಎರಡೂ ಉತ್ತರ ತಾಳೆಯಾದದ್ದು ನೂರಕ್ಕೆ ಸುಮಾರು 60ರಲ್ಲಿ. ಏಮ್ಸ್ ಮೊದಲು ಹೇಳಿಕೊಂಡಿದ್ದಕ್ಕಿಂತ ತುಂಬ ಕಡಿಮೆ. ಅವರೇ ಮುಂದೆ ತಮ್ಮ ಹಳೆಯ ಭಯಗಳನ್ನು ಸಡಿಲಿಸಿ, ಗಿಡಗಳೇ ತಯಾರಿಸಿಕೊಳ್ಳುವ ವಿಷಗಳಲ್ಲೂ ಇಂಥವು ಧಾರಾಳ ಇವೆ ಎಂದು ವಾದಿಸಿದರು. ಕೀಟನಾಶಕ ವಿರೋಧಿಗಳಿಗೆ ಅದು ಹಿಡಿಸಲಿಲ್ಲ. 2024ರ ಅಕ್ಟೋಬರಿನಲ್ಲಿ, 95ನೆಯ ವಯಸ್ಸಿನಲ್ಲಿ ಏಮ್ಸ್ ತೀರಿಕೊಂಡರು. ಅವರ ಪರೀಕ್ಷೆ ಮಾತ್ರ ಹೊಸ ಔಷಧಿ, ಕೀಟನಾಶಕಗಳ ಮೊದಲ ಜರಡಿಯಾಗಿ ಜಗತ್ತಿನಾದ್ಯಂತ ನಡೆಯುತ್ತಲೇ ಇದೆ.

2020ರ ನವೆಂಬರಿನಲ್ಲಿ ಲಿಯೊನ್‌ನ ಏಜೆನ್ಸಿ ಅರೆಕೋಲಿನ್ ಒಂದನ್ನೇ ತೆಗೆದುಕೊಂಡು ಚರ್ಚಿಸಿತು. ತಟ್ಟೆಯಲ್ಲಿ ಪಾಸಿಟಿವ್ ಬಂದಿದ್ದ ಆ ರಾಸಾಯನಿಕಕ್ಕೆ ಸಿಕ್ಕಿದ್ದು 2ಬಿ ಗುಂಪು, ಅಂದರೆ ‘ಕ್ಯಾನ್ಸರ್ ತರಬಹುದು’. ಇಡೀ ಅಡಿಕೆ ಒಂದನೆಯ ಗುಂಪಿನಲ್ಲೇ ಉಳಿದಿದೆ. ಅರೆಕೋಲಿನ್ ಅನ್ನು ಬೇರ್ಪಡಿಸಿ ಯಾರೂ ಜಗಿಯುವುದಿಲ್ಲ. ಜಗಿಯುವುದು ಅಡಿಕೆಯನ್ನು, ಸುಣ್ಣದ ಜೊತೆ, ದಿನಕ್ಕೆ ಇಷ್ಟು ಸಲ, ಇಷ್ಟು ವರ್ಷ ಎಂದು.